ವೃದ್ಧ ಮಾತಾಪಿತೃಗಳ ಸೇವೆ ವ್ರತವೇ?

ಕಳೆದ ದಶಲಕ್ಷಣ ಪರ್ವದಲ್ಲಿ ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದ ಸ್ವಾಧ್ಯಾಯ ನಡೆದಿದ್ದಾಗ ತರುಣ ಶ್ರಾವಕರೊಬ್ಬರು ಒಂದು ಪ್ರಶ್ನೆಯನ್ನು ಎತ್ತಿದರು. ಉಮಾಸ್ವಾಮಿಗಳು ಆರು ಅಂತರಂಗ ತಪಗಳನ್ನು ಹೇಳುವಲ್ಲಿ ಪ್ರಾಯಶ್ಚಿತ್ತ, ವಿನಯಗಳ ತರುವಾಯ ಮೂರನೆಯದಾಗಿ ವೈಯಾವೃತ್ಯವನ್ನು ಇರಿಸಿದ್ದಾರೆ. ಆ ಸೇವೆಗೆ ಪಾತ್ರರಾದವರು ಹತ್ತು ಬಗೆಯವರೆಂದೂ ಎಣಿಸಿದ್ದಾರೆ: ಆಚಾರ್ಯ, ಉಪಾಧ್ಯಾಯ, ತಪಸ್ವಿ, ಶೈಕ್ಷ, ಗ್ಲಾನ, ಗಣ, ಕುಲ, ಸಂಘ, ಸಾಧು, ಮನೋಜ್ಞ. "ಗುರುಗಳೇ, ಈ ಹತ್ತರಾಗ ತಾಯಿ ತಂದಿ ಎಲ್ಲಿದ್ದಾರ್ರೀ?" ಎಂಬುದೇ ಅವರ ಪ್ರಶ್ನೆ. ಅವರ ತಂದೆಯವರು ಪಾರ್ಶ್ವವಾಯು ಬಡಿದು ಎರಡು ವರ್ಷಗಳಿಂದ ಹಾಸಿಗೆ ಹಿಡಿದಿದ್ದಾರೆ. ಉಪವಾಸದ ದಿನ ತಂದೆಯವರನ್ನು ಎತ್ತಿ ಮಗ್ಗುಲು ಬದಲಿಸಲು ತೋಳಿನಲ್ಲಿ ಬಲ ಸಾಲದೆ, ಅಷ್ಟಮಿ ಚತುರ್ದಶಿಗಳ ಉಪವಾಸವನ್ನು ಅವರು ಕೈಬಿಟ್ಟಿದ್ದರು. ತಾನು ಬಿಟ್ಟದ್ದು ವ್ರತ, ಹಿಡಿದದ್ದು ಬರಿಯ ಮನೆಗೆಲಸ ಎಂಬ ಅಳುಕು ಅವರನ್ನು ಬಾಧಿಸುತ್ತಿತ್ತು.

ಗ್ಲಾನ ಎಂದರೆ ರೋಗಪೀಡಿತ, ನಿಮ್ಮ ತಂದೆಯವರನ್ನು ಅದರಲ್ಲಿ ಸೇರಿಸಿಕೊಳ್ಳಿರಿ ಎಂದು ನಾನು ಅಂದು ಉತ್ತರ ಕೊಟ್ಟೆ. ಸಭೆ ಒಪ್ಪಿತು, ನನಗೆ ಒಪ್ಪಿಗೆಯಾಗಲಿಲ್ಲ. ಸೂತ್ರದ ಗ್ಲಾನನು ರೋಗಿಯಾದ ಮುನಿಯೇ ಹೊರತು ಯಾವ ರೋಗಿಯಾದರೂ ಅಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವೈಯಾವೃತ್ಯವನ್ನು ಗೃಹಸ್ಥನ ನಾಲ್ಕು ಶಿಕ್ಷಾವ್ರತಗಳಲ್ಲಿ ಒಂದಾಗಿಯೇ ಎಣಿಸಿ, ಕಾಲೊತ್ತುವುದನ್ನೂ ಕಷ್ಟ ನಿವಾರಿಸುವುದನ್ನೂ ಅದರಲ್ಲಿ ಸೇರಿಸಿರುವರು, ನಿಜ. ಆದರೆ ಅಲ್ಲಿಯೂ ಸೇವೆ ಸಲ್ಲುವುದು ಸಂಯಮಿಗಳಿಗೆ, ಅವರ ಗುಣಗಳ ಮೇಲಣ ಪ್ರೀತಿಯಿಂದ. ಹೆತ್ತವರ ಮೇಲಣ ಪ್ರೀತಿಯಲ್ಲಿ ರಾಗದ ಅಂಶವಿದೆ, ಋಣದ ಅಂಶವಿದೆ, ಆಸ್ತಿಯ ಅಂಶವೂ ಕೆಲವೊಮ್ಮೆ ಇರುತ್ತದೆ. ನಮ್ಮ ಅನುಕೂಲಕ್ಕಾಗಿ ಸೂತ್ರದ ಶಬ್ದವನ್ನು ಹಿಗ್ಗಿಸುವುದು ವಿದ್ಯಾರ್ಥಿಗೆ ಕೃಪಾಂಕ ಕೊಟ್ಟಂತೆ. ನಲವತ್ತು ವರ್ಷ ಮಾಸ್ತರಿಕೆ ಮಾಡಿದವನಿಗೆ ಅದು ಹಿಡಿಸದು.

ಹಾಗಾದರೆ ಮಾತಾಪಿತೃಗಳ ಸೇವೆಗೆ ವ್ರತಮಾರ್ಗದಲ್ಲಿ ಸ್ಥಾನವೇ ಇಲ್ಲವೇ? ಇದಕ್ಕೆ ಉತ್ತರ ನನಗೆ ಗ್ರಂಥದಿಂದ ದೊರೆಯಲಿಲ್ಲ, ನನ್ನ ಮನೆಯಲ್ಲಿಯೇ ನಡೆದ ಒಂದು ಪ್ರಮಾದದಿಂದ ದೊರೆಯಿತು. ಹೇಳಿಕೊಳ್ಳಲು ಸಂಕೋಚವಾಗುತ್ತದೆ, ಆದರೂ ಹೇಳುವೆನು.

ನಮ್ಮ ತಾಯಿಯವರು ಎಂಬತ್ತೇಳನೆಯ ವಯಸ್ಸಿನಲ್ಲಿ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಎಲುಬು ಮುರಿದುಕೊಂಡರು. ಆಗ ನನಗೆ ಅರವತ್ತಮೂರು, ನನ್ನ ಧರ್ಮಪತ್ನಿಗೆ ಅರವತ್ತು. ಮಕ್ಕಳು ಪುಣೆ ಬೆಂಗಳೂರುಗಳಲ್ಲಿ ಉದ್ಯೋಗದಲ್ಲಿದ್ದರು. ಫೋನು ಮಾಡುತ್ತಿದ್ದರು, ಹಣ ಕಳಿಸುತ್ತಿದ್ದರು. ವೃದ್ಧರ ಸೇವೆಯನ್ನು ತರುಣರು ಮಾಡುವರೆಂಬ ಚಿತ್ರ ನಮ್ಮ ಮನಸ್ಸಿನಲ್ಲಿ ಇನ್ನೂ ಉಳಿದಿದೆ. ವಸ್ತುಸ್ಥಿತಿಯಲ್ಲಿ ಎಷ್ಟೋ ಮನೆಗಳಲ್ಲಿ ಮುದುಕರ ಸೇವೆಯನ್ನು ಮುದುಕರೇ ಮಾಡುತ್ತಿದ್ದಾರೆ. ನನ್ನಾಕೆಗೆ ಮೊಣಕಾಲು ಸವೆತದ ಬೇನೆ. ರಾತ್ರಿ ತಾಯಿಯವರು ಕರೆದಾಗಲೆಲ್ಲ ಗೋಡೆ ಹಿಡಿದುಕೊಂಡೇ ಎದ್ದು ಹೋಗುತ್ತಿದ್ದಳು. ನಾನು? ಮುಂಜಾನೆ ಸಾಮಾಯಿಕಕ್ಕೆ ಬೇಗ ಏಳಬೇಕೆಂಬ ಕಾರಣದಿಂದ ಪಡಸಾಲೆಯಲ್ಲಿ ಮಲಗುತ್ತಿದ್ದೆ.

ರಾತ್ರಿ ಚತುರ್ವಿಧಾಹಾರ ತ್ಯಾಗವು ತಾಯಿಯವರಿಗೆ ಮದುವೆಯಾದಂದಿನಿಂದ ಇದ್ದ ನಿಯಮ. ಆ ವರ್ಷ ಬೇಸಗೆಯ ಆರಂಭದಲ್ಲಿ ಅವರು ಮೂರನೆಯ ಪ್ರಹರದಿಂದಲೇ ನೀರು ಬಿಟ್ಟರು. ಕೆಲವು ದಿನಗಳ ಮೇಲೆ ಮಧ್ಯಾಹ್ನದ ಊಟವಾದ ನಂತರ ಒಂದು ಗುಟುಕೂ ಒಲ್ಲೆನೆಂದರು. ಗಿಣಿಗೇರಾದ ವೈಶಾಖದ ಬಿಸಿಲನ್ನು ಬಲ್ಲವರಿಗೆ, ಅದರಲ್ಲೂ ಕಬ್ಬಿಣದ ಕಾರ್ಖಾನೆಗಳ ದೂಳಿನಲ್ಲಿ ಆ ಬಿಸಿಲನ್ನು ಉಂಡವರಿಗೆ, ಇದು ಎಂತಹ ತ್ಯಾಗವೆಂಬುದು ತಿಳಿಯುತ್ತದೆ. ಆದಿಭಗವಂತರ ದೀರ್ಘ ಉಪವಾಸದ ಪಾರಣೆಯಾದ ಅಕ್ಷಯ ತೃತೀಯೆಯಂದು, ಶ್ರೇಯಾಂಸ ಮಹಾರಾಜನ ಸ್ಮರಣೆಗಾಗಿ, ನನ್ನಾಕೆ ಕಬ್ಬಿನ ಹಾಲು ತಂದು ಕೊಟ್ಟಳು. ತುಟಿಗೆ ಸೋಕಿಸಿ ಇಟ್ಟುಬಿಟ್ಟರು. ನಾನು ಹೆಮ್ಮೆಪಟ್ಟೆ. ಕೊಪ್ಪಳದ ಬಸದಿಗೆ ಹೋದಾಗ, ನಮ್ಮ ತಾಯಿಯವರು ಕ್ರಮವಾಗಿ ಕಾಯಕಷಾಯಗಳನ್ನು ಕೃಶಗೊಳಿಸುತ್ತಿದ್ದಾರೆ ಎಂದು ನಾಲ್ವರ ಮುಂದೆ ಹೇಳಿಯೂ ಬಂದೆ.

ಒಂದು ವಾರದಲ್ಲಿ ಅವರಿಗೆ ಜ್ವರ ಬಂತು, ಮಾತು ಅಸಂಬದ್ಧವಾಯಿತು, ನನ್ನನ್ನು ನನ್ನ ತಂದೆಯೆಂದು ಭಾವಿಸಿ ಮಾತಾಡಿದರು. ಮೈಯಲ್ಲಿ ನೀರಿನ ಅಂಶ ಕಡಿಮೆಯಾಗಿ ಮೂತ್ರದ ಸೋಂಕು ತಗುಲಿದೆ, ಮುಪ್ಪಿನಲ್ಲಿ ಅದು ಬುದ್ಧಿಯನ್ನೂ ಕಲಕುತ್ತದೆ ಎಂದು ಕೊಪ್ಪಳದ ವೈದ್ಯರು ವಿವರಿಸಿದರು. ನಾನು ವ್ರತದ ಮಾತೆತ್ತಿದಾಗ, ಪಕ್ಕದಲ್ಲಿದ್ದ ನನ್ನಾಕೆ ತಲೆ ತಗ್ಗಿಸಿಕೊಂಡೇ ಅಂದಳು: "ಅತ್ತಿಯವರು ನೀರು ಬಿಟ್ಟದ್ದು ವ್ರತಕ್ಕಲ್ರೀ. ನನ್ನ ಮೊಣಕಾಲಿಗೆ."

ಜ್ವರ ಇಳಿದ ಮೇಲೆ ನಾನೇ ತಾಯಿಯವರನ್ನು ಕೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನೀರ ಕುಡದ್ರ ರಾತ್ರಿ ಮೂರ ಸಲ ಎಬ್ಬಸಬೇಕಾಗ್ತದ. ಆಕೀನೂ ಮುದುಕಿ ಆಗ್ಯಾಳಪಾ" ಎಂದರು.

ಮನೆಗೆ ಬಂದು ರತ್ನಕರಂಡಕವನ್ನು ತೆಗೆದೆ. ಎಷ್ಟೋ ಸಲ ಪಾಠ ಹೇಳಿದ ಶ್ಲೋಕಗಳೇ. ಸಲ್ಲೇಖನೆಯಲ್ಲಿ ಬಿಡುವ ಕ್ರಮವನ್ನು ಆಚಾರ್ಯರು ಸ್ಪಷ್ಟವಾಗಿ ವಿಧಿಸಿದ್ದಾರೆ: ಮೊದಲು ಘನಾಹಾರ, ಹಾಲು ಮುಂತಾದ ಸ್ನಿಗ್ಧಪಾನದ ಮೇಲೆ ನಿಲ್ಲುವುದು, ಬಳಿಕ ಅದನ್ನೂ ಬಿಟ್ಟು ಖರಪಾನ, ಕಟ್ಟಕಡೆಗೆ ಉಪವಾಸ. ನೀರು ಕೊನೆಯದು. ನಮ್ಮ ತಾಯಿಯವರು ಎರಡು ಹೊತ್ತು ರೊಟ್ಟಿ ಪಲ್ಯ ಉಣ್ಣುತ್ತ ನೀರನ್ನೇ ಮೊದಲು ಬಿಟ್ಟಿದ್ದರು. ಕ್ರಮ ತಲೆಕೆಳಗಾಗಿತ್ತು. ಐದನೆಯ ಇಯತ್ತೆಯ ಹುಡುಗನೂ ಗುರುತಿಸಬಹುದಾಗಿದ್ದ ಈ ತಪ್ಪನ್ನು ನಾನು ಗುರುತಿಸಲಿಲ್ಲ, ಏಕೆಂದರೆ ಗುರುತಿಸದಿರುವುದರಲ್ಲಿ ನನಗೆ ಅನುಕೂಲವಿತ್ತು. ಅದು ವ್ರತವಾದರೆ ನಾನು ವ್ರತಿಯ ಮಗ. ಅಲ್ಲವಾದರೆ ರಾತ್ರಿ ಏಳಬೇಕಾದವನು.

ಅತಿಚಾರಗಳ ಪ್ರಕರಣದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸಲ್ಲೇಖನೆಯ ಐದು ಅತಿಚಾರಗಳಲ್ಲಿ ಬದುಕುವ ಆಸೆ, ಬೇಗ ಸಾಯುವ ಆಸೆ, ಮಿತ್ರಾನುರಾಗ, ನಿದಾನ, ಇವು ಉಮಾಸ್ವಾಮಿ ಸಮಂತಭದ್ರರಿಬ್ಬರಲ್ಲಿಯೂ ಇವೆ. ಆದರೆ ಉಮಾಸ್ವಾಮಿಗಳು ಸುಖಾನುಬಂಧವೆಂದು ಹೇಳಿದೆಡೆ ಸಮಂತಭದ್ರರು ಭಯವನ್ನು ಹೇಳಿದ್ದಾರೆ. ಭಯವೆಂದರೆ ಮರಣದ ಭಯ, ವೇದನೆಯ ಭಯ ಎಂದೇ ನಾವು ಅರ್ಥ ಹೇಳಿಕೊಂಡು ಬಂದಿದ್ದೇವೆ. ಸೊಸೆಗೆ ಭಾರವಾದೇನೆಂಬ ಭಯವನ್ನು ಏಕೆ ಅದರಲ್ಲಿ ಸೇರಿಸಬಾರದು? ವೃದ್ಧರಲ್ಲಿ ಮರಣಭಯಕ್ಕಿಂತ ಆ ಭಯವೇ ಹೆಚ್ಚೆಂದು ನನಗೆ ತೋರುತ್ತದೆ. ಆ ಭಯದಿಂದ ಅನ್ನಪಾನಗಳನ್ನು ಬಿಟ್ಟರೆ ಅತಿಚಾರ ಬಿಟ್ಟವರದೆಂದು ಗ್ರಂಥ ಹೇಳೀತು. ಭಯವನ್ನು ಹುಟ್ಟಿಸಿದವರ ಪಾಲು ಎಷ್ಟೆಂಬುದನ್ನು ನಾವು ಲೆಕ್ಕ ಹಾಕಿಕೊಳ್ಳಬೇಕು.

ಇಲ್ಲಿ 2015ರ ಸಂಗತಿಯನ್ನು ನೆನೆಯದಿರಲಾಗದು. ಆ ವರ್ಷ ಆಗಸ್ಟ್ 10ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯವು ಸಂಥಾರಾ ಅಥವಾ ಸಲ್ಲೇಖನೆಯನ್ನು ಆತ್ಮಹತ್ಯೆಯ ಸಾಲಿಗೆ ಸೇರಿಸಿತು. ದೇಶದಾದ್ಯಂತ ನಮ್ಮವರು ಮೌನ ಮೆರವಣಿಗೆಗಳಲ್ಲಿ ನಡೆದರು, ನಾನೂ ನಡೆದೆ. ಆಗಸ್ಟ್ 31ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆಯಾಜ್ಞೆ ಕೊಟ್ಟಿತು. ಸಮಭಾವದಿಂದ ದೇಹವನ್ನು ಇಳಿಸುವುದಕ್ಕೂ ಕಷಾಯವಶನಾಗಿ ಪ್ರಾಣ ಕಳೆದುಕೊಳ್ಳುವುದಕ್ಕೂ ಇರುವ ಅಂತರವನ್ನು ಪೂಜ್ಯಪಾದರೇ ಸರ್ವಾರ್ಥಸಿದ್ಧಿಯಲ್ಲಿ ವಿವೇಚಿಸಿರುವಾಗ, ಆ ತೀರ್ಪನ್ನು ನಾನು ಇಂದಿಗೂ ಒಪ್ಪಲಾರೆ. ಆದರೆ ಅರ್ಜಿಯ ವಾದಗಳಲ್ಲಿ, ಮುದುಕರನ್ನು ಮನೆಯವರೇ ಇದಕ್ಕೆ ದೂಡುವ ಸಂಭವವುಂಟು ಎಂಬುದೂ ಒಂದಾಗಿತ್ತು. ಆ ಮಾತಿಗೆ ಅಂದು ನನಗೆ ವಿಪರೀತ ಕೋಪ ಬಂದಿತ್ತು. ತಾಯಿಯವರ ನೀರಿನ ಸಂಗತಿಯಾದ ಮೇಲೆ ಆ ಕೋಪ ಉಳಿಯಲಿಲ್ಲ. ಯಾರೂ ದೂಡಬೇಕಿಲ್ಲ, ರಾತ್ರಿ ಎದ್ದು ಬಾರದಿದ್ದರೆ ಸಾಕು.

ನಮ್ಮ ಪೂರ್ವಾಚಾರ್ಯರು ಇದನ್ನು ಅರಿಯದವರಲ್ಲ. ಶಿವಾರ್ಯರ ಭಗವತೀ ಆರಾಧನೆಯನ್ನು (ನಮ್ಮ ವಡ್ಡಾರಾಧನೆಯ ಕಥೆಗಳಿಗೆ ಆಧಾರವಾದ ಗಾಹೆಗಳು ಅದರವೇ) ಈ ದೃಷ್ಟಿಯಿಂದ ಮತ್ತೆ ಓದಿದೆ. ಸಮಾಧಿಮರಣಕ್ಕೆ ಸಿದ್ಧನಾದ ಕ್ಷಪಕನ ಸೇವೆಗೆ 48 ಮಂದಿ ನಿರ್ಯಾಪಕರು ಇರಬೇಕೆಂದು ಅಲ್ಲಿ ವಿಧಾನವಿದೆ. ನಾಲ್ಕು ನಾಲ್ಕು ಮಂದಿಗೆ ಒಂದೊಂದು ಕಾರ್ಯ: ಕೆಲವರು ಎತ್ತಿ ಕೂರಿಸಿ ಮಗ್ಗುಲು ಹೊರಳಿಸಲು, ಕೆಲವರು ಆಹಾರಕ್ಕೆ, ಕೆಲವರು ಪಾನಕ್ಕೆ, ಕೆಲವರು ಧರ್ಮಕಥೆಗೆ, ಕೆಲವರು ರಾತ್ರಿ ಎಚ್ಚರವಿರಲು, ಕೆಲವರು ಮಲಮೂತ್ರಗಳನ್ನು ತೆಗೆದು ಹಾಸಿಗೆ ಶುದ್ಧಗೊಳಿಸಲು. ಕಾಲ ಕೆಟ್ಟಿದ್ದರೆ ಸಂಖ್ಯೆಯನ್ನು ಇಳಿಸಬಹುದು, ಆದರೆ ಇಬ್ಬರಿಗಿಂತ ಕಡಿಮೆ ಕೂಡದು. ಒಬ್ಬನೇ ಇದ್ದರೆ ತನ್ನನ್ನು ನೋಡಿಕೊಳ್ಳಲು ಹೋದಾಗ ಕ್ಷಪಕನನ್ನು ತೊರೆದಂತೆ, ಕ್ಷಪಕನನ್ನೇ ನೋಡುತ್ತ ಕುಳಿತರೆ ತನ್ನನ್ನು ತೊರೆದಂತೆ. ಸರ್ವಸಂಗ ಪರಿತ್ಯಾಗ ಮಾಡಿದ ಧೀರ ಮುನಿಗೇ ಇಷ್ಟು ಜನ ಬೇಕೆಂದ ಮೇಲೆ, ನಮ್ಮ ಮನೆಗಳಲ್ಲಿ ಒಬ್ಬ ಸೊಸೆಯ ಮೇಲೆ ಎಲ್ಲವನ್ನೂ ಹೊರಿಸಿ ನಾವು ಸ್ವಾಧ್ಯಾಯಕ್ಕೆ ಕೂರುತ್ತೇವೆ. ವೈಯಾವೃತ್ಯದ ವ್ಯಾಖ್ಯಾನ ಗಂಡಸರದು, ವೈಯಾವೃತ್ಯ ಹೆಂಗಸರದು ಎಂಬಂತಾಗಿದೆ.

ಕೊಪ್ಪಳವು ಪ್ರಾಚೀನ ಕೊಪಣ, ಮಹಾತೀರ್ಥ. ಅಲ್ಲಿಯ ಪಲ್ಲಕ್ಕಿಗುಂಡಿನ ಬೆಟ್ಟದ ಮೇಲೆ ವರಾಂಗಚರಿತದ ಕರ್ತೃಗಳಾದ ಜಟಾಸಿಂಹನಂದಿ ಆಚಾರ್ಯರ ಪಾದಗಳಿವೆ; ಅವನ್ನು ಮಾಡಿಸಿದವನು ಚಾವಯ್ಯನೆಂದು ಶಾಸನ ತಿಳಿಸುತ್ತದೆ. ನಾನು ಅನೇಕ ಸಲ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ ತೋರಿಸಿದ್ದೇನೆ. ಮೊನ್ನೆ ಹೋದಾಗ ಹೊಸದೊಂದು ವಿಚಾರ ಹೊಳೆಯಿತು. ಸಮಾಧಿ ಹೊಂದಿದವರ ಹೆಸರು ಕಲ್ಲಿನಲ್ಲಿ ಉಳಿಯುತ್ತದೆ, ಸ್ಮಾರಕ ಮಾಡಿಸಿದವರದೂ ಉಳಿಯುತ್ತದೆ. ಇಂತಹ ಬೆಟ್ಟಗಳ ಮೇಲೆ ಕ್ಷಪಕರಿಗೆ ಗುಟುಕು ನೀರು ಹನಿಸಿ ಮಗ್ಗುಲು ಬದಲಿಸಿದವರ ಹೆಸರನ್ನು ಕಲ್ಲಿನಲ್ಲಿ ಹುಡುಕುವುದು ವ್ಯರ್ಥ.

ಸರಕಾರ 2007ರಲ್ಲಿ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯನ್ನು ತಂದಿದೆ. ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ಮಕ್ಕಳು ಷರತ್ತು ಮುರಿದರೆ, ಹಿಂಪಡೆಯುವ ಅವಕಾಶವೂ ಅದರಲ್ಲಿದೆ. ಉಪಯುಕ್ತ ಕಾಯಿದೆ, ಅಂತಹ ಸ್ಥಿತಿಗೆ ಬಂದ ಹಿರಿಯರು ಸಂಕೋಚಪಡದೆ ಉಪವಿಭಾಗಾಧಿಕಾರಿಗಳ ಮುಂದೆ ಹೋಗಬೇಕು. ಆದರೆ ನಮ್ಮ ತಾಯಿಯವರಿಗೆ ಅನ್ನಕ್ಕೆ, ಬಟ್ಟೆಗೆ, ಔಷಧಕ್ಕೆ ಯಾವ ಕೊರತೆಯೂ ಇರಲಿಲ್ಲ. ಯಾವ ಕಾಯಿದೆಯ ಕಣ್ಣಿಗೂ ನಾನು ಅಪರಾಧಿಯಾಗಿರಲಿಲ್ಲ.

ಅಂದಿನಿಂದ ನಾನು ತಾಯಿಯವರ ಕೋಣೆಯಲ್ಲಿಯೇ ಮಲಗತೊಡಗಿದೆ. ಮಂಚದ ಬದಿಗೆ ಕಮೋಡ್ ಕುರ್ಚಿಯೊಂದನ್ನು ತರಿಸಿದೆವು. ಹಗಲು ಸಹಾಯಕ್ಕೆ ನೆರೆಯ ಹೆಣ್ಣುಮಗಳೊಬ್ಬರನ್ನು ಸಂಬಳ ಕೊಟ್ಟು ಇಟ್ಟುಕೊಂಡೆವು. ರಾತ್ರಿಯ ನಿಯಮವನ್ನು ಏನು ಮಾಡುವುದೆಂಬ ಚಿಂತೆ ಬಂತು. ಸೂರ್ಯ ಮುಳುಗಿಲ್ಲವೆಂದು ಸುಳ್ಳು ಹೇಳಿ ಹಿರಿಯರಿಗೆ ನೀರು ಕುಡಿಸುವ ಮನೆಗಳನ್ನು ನಾನು ಬಲ್ಲೆ. ಕರುಣೆಯಿಂದಲೇ ಮಾಡುತ್ತಾರೆ, ಆದರೂ ಒಬ್ಬರ ವ್ರತವನ್ನು ಅವರಿಗೆ ತಿಳಿಯದಂತೆ ಮುರಿಯುವ ಅಧಿಕಾರ ಮಕ್ಕಳಿಗಿಲ್ಲವೆಂದೇ ನನ್ನ ಮತ. ತ್ಯಾಗಿಗಳೊಬ್ಬರನ್ನು ಕೇಳಿದೆ. ನಿಯಮ ಹಾಗೆಯೇ ಇರಲಿ, ಉದಯದಿಂದ ಅಸ್ತದವರೆಗೆ ಲೆಕ್ಕವಿಟ್ಟು ನೀರು ಕೊಡಿ ಎಂದರು. ವೈದ್ಯರೂ ಒಪ್ಪಿದರು. ದಿನಕ್ಕೆ ಎಂಟು ಲೋಟ. ಗೋಡೆಯ ಮೇಲೆ ಸುಣ್ಣದಿಂದ ಗೀಟು ಹಾಕುತ್ತಿದ್ದೆ.

ಕಷ್ಟ ಬಂದದ್ದು ಬೇರೆ ಕಡೆಯಿಂದ. ತಾಯಿಯವರು ಮಗನ ಕೈಯಿಂದ ಆ ಸೇವೆಯನ್ನು ಮಾಡಿಸಿಕೊಳ್ಳಲು ಒಪ್ಪಲಿಲ್ಲ. ಮೊದಲ ಕೆಲವು ರಾತ್ರಿ ನನ್ನನ್ನು ಎಬ್ಬಿಸದೆ ಬೆಳಗಿನವರೆಗೆ ತಡೆದುಕೊಂಡು ಮಲಗಿದ್ದರು. ನಿರ್ವಿಚಿಕಿತ್ಸಾ ಅಂಗಕ್ಕೆ ಉದ್ದಾಯನ ಮಹಾರಾಜನ ಕಥೆಯನ್ನು ಹೇಳುತ್ತೇವೆ: ರೋಗಿಷ್ಠ ಮುನಿಯ ವೇಷದಿಂದ ಬಂದ ದೇವನ ವಾಂತಿಯನ್ನು ಆತ ಹೇಸದೆ ತೊಳೆದನು. ಹೇಸದಿರುವುದು ನನಗೆ ಎಣಿಸಿದಷ್ಟು ಕಠಿಣವಾಗಲಿಲ್ಲ, ಎರಡು ದಿನಗಳಲ್ಲಿ ರೂಢಿಯಾಯಿತು. ಆದರೆ ಸೇವೆ ಪಡೆಯುವವರ ಲಜ್ಜೆಯ ಕಥೆಯನ್ನು ಯಾರೂ ಬರೆದಿಲ್ಲ. ಜೀವಮಾನವಿಡೀ ಉಣಬಡಿಸಿದ ಕೈ ಈಗ ಚಾಚಬೇಕಲ್ಲ. ಅದಕ್ಕೂ ಒಂದು ತಪದ ಬಲ ಬೇಕು. ಈ ಸಂಗತಿಯಲ್ಲಿ ನಾನು ಯಾವ ಉಪಾಯವನ್ನೂ ಹೇಳಲಾರೆ. ದೀಪ ಆರಿಸಿ, ಮಾತಾಡದೆ, ಕತ್ತಲಲ್ಲಿ ಮಾಡುತ್ತಿದ್ದೆ. ನಿಧಾನವಾಗಿ ಒಪ್ಪಿಕೊಂಡರು.

ಆ ತರುಣ ಶ್ರಾವಕರಿಗೆ ನನ್ನ ಉತ್ತರವನ್ನು ಈಗ ತಿದ್ದಿ ಹೇಳುತ್ತೇನೆ. ಹತ್ತರ ಪಟ್ಟಿಯಲ್ಲಿ ನಿಮ್ಮ ತಂದೆಯವರಿಲ್ಲ. ನೀವು ಮಾಡುವುದು ಸೂತ್ರೋಕ್ತ ವೈಯಾವೃತ್ಯವೆಂದು ನಾನು ಹೇಳುವುದಿಲ್ಲ, ಅದರಿಂದ ಅದರ ತೂಕವೇನೂ ಇಳಿಯದು. ಆದರೆ ನಾಳೆ ನಿಮ್ಮ ತಂದೆಯವರು ಏನನ್ನಾದರೂ ತ್ಯಜಿಸುವೆನೆಂದಾಗ, ಅದು ತ್ಯಾಗವಾಗಿರಲು ಅವಕಾಶ ಮಾಡಿಕೊಡುವವರು ನೀವೇ. ನಿಮ್ಮ ಕೈಯ ಭರವಸೆ ಇದ್ದಲ್ಲಿ ಮಾತ್ರ ಅವರು ಭಯವಿಲ್ಲದೆ ಬಿಡಬಲ್ಲರು, ಭಯವಿಲ್ಲದೆ ಉಣ್ಣಲೂ ಬಲ್ಲರು. ಇನ್ನು ನಿಮ್ಮ ಅಷ್ಟಮಿ ಚತುರ್ದಶಿಗಳ ಮಾತು: ನಾಲ್ಕು ಬಗೆಯ ಆಹಾರವನ್ನೂ ಬಿಡುವುದು ಉಪವಾಸ, ಒಂದು ಹೊತ್ತು ಉಣ್ಣುವುದು ಪ್ರೋಷಧ ಎಂದು ಸಮಂತಭದ್ರರೇ ಬಿಡಿಸಿ ಹೇಳಿದ್ದಾರೆ. ಗುರುಗಳ ಸಮ್ಮುಖದಲ್ಲಿ ಪ್ರಾಯಶ್ಚಿತ್ತ ಪಡೆದು ಏಕಭುಕ್ತದ ಮೇಲೆ ನಿಲ್ಲಿರಿ. ತೋಳಿನ ಬಲ ಉಳಿಯಲಿ. ಮತ್ತು ದಯವಿಟ್ಟು ಎರಡನೆಯ ನಿರ್ಯಾಪಕನನ್ನು ಹುಡುಕಿರಿ. ಪುಣೆಯಲ್ಲಿರುವ ತಮ್ಮನಿಗೆ ಹಣ ಕಳಿಸಬೇಡ, ರಜೆ ಹಾಕಿ ಬಾ ಎಂದು ಬರೆಯಿರಿ.

ನಮ್ಮ ತಾಯಿಯವರು ಆಮೇಲೆ ಎರಡು ವರ್ಷ ಬದುಕಿದ್ದರು. ಒಂದು ಚತುರ್ದಶಿಯ ಸಂಜೆ, ಸೂರ್ಯಾಸ್ತಕ್ಕೆ ಇನ್ನೂ ಸ್ವಲ್ಪ ಹೊತ್ತಿದ್ದಾಗ, ಗೋಡೆಯ ಮೇಲಿನ ಗೀಟುಗಳನ್ನು ತಾವೇ ಎಣಿಸಿ, "ಏಳs ಆಗ್ಯಾವ, ಇನ್ನೊಂದ ಲೋಟ ಕೊಡು" ಎಂದರು. ಕೊಟ್ಟೆ. ಪೂರ್ತಿ ಕುಡಿದು, ಖಾಲಿ ಲೋಟವನ್ನು ನನ್ನ ಕೈಗಿಟ್ಟು, ರಾತ್ರಿ ನನ್ನ ಹಾಸಿಗೆಯನ್ನು ಇನ್ನೂ ಸ್ವಲ್ಪ ಹತ್ತಿರಕ್ಕೆ ಹಾಸಿಕೊಳ್ಳಲು ಹೇಳಿದರು.