ಸಂಶಯದ ಲಾಭ ಯಾರಿಗೆ?

ನ್ಯಾಯಾಲಯದಲ್ಲಿ ಸಂಶಯದ ಲಾಭ ಆರೋಪಿಗೆ ಸಲ್ಲುತ್ತದೆ. ನಿರಪರಾಧಿ ಸೆರೆಮನೆ ಸೇರಬಾರದಷ್ಟೆ. ಆದರೆ ಆರೋಪ ಹೊತ್ತಿರುವುದು ಮನುಷ್ಯನಲ್ಲ, ಒಂದು ರಾಸಾಯನಿಕ ಎಂದಾದರೆ?

ನಮ್ಮ ಕಾಸರಗೋಡಿನ ಗೇರುತೋಟಗಳ ಮೇಲೆ ಸುಮಾರು ಎರಡು ದಶಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಎಣ್ಮಕಜೆಯಂಥ ಊರುಗಳಲ್ಲಿ ಅಂಗವೈಕಲ್ಯ, ಬುದ್ಧಿಮಾಂದ್ಯ, ಅಪಸ್ಮಾರಗಳು ಅಸಹಜವಾಗಿ ಹೆಚ್ಚಿರುವುದನ್ನು ಮೊದಲು ಗುರುತಿಸಿದವರಲ್ಲಿ ಅಲ್ಲಿನ ಹಳ್ಳಿಯ ವೈದ್ಯರೂ ಇದ್ದರು. ಉದ್ಯಮವು ಪುರಾವೆ ಕೇಳಿತು. ತಜ್ಞರ ಸಮಿತಿಗಳು ಒಂದು ಅಭಿಪ್ರಾಯಕ್ಕೆ ಬರಲಿಲ್ಲ. ಆಕಾಶದಿಂದ ಸಿಂಪಡಣೆ ನಿಂತದ್ದು 2000ದ ಕೊನೆಗೆ. ಸುಪ್ರೀಂ ಕೋರ್ಟು ದೇಶವ್ಯಾಪಿ ತಡೆ ವಿಧಿಸಿದ್ದು 2011ರಲ್ಲಿ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿದ್ದು 2017ರಲ್ಲಿ.

ಆರೋಗ್ಯದ ನೀತಿ ರೂಪುಗೊಳ್ಳುವಲ್ಲಿ ವಿಶ್ವವಿದ್ಯಾಲಯ, ಉದ್ಯಮ, ಆಸ್ಪತ್ರೆ ಮೂರಕ್ಕೂ ಸ್ಥಾನವಿರಬೇಕು. ವಿಜ್ಞಾನಿಯ ಎಚ್ಚರಿಕೆಯನ್ನು ಹಳಿಯುವಂತಿಲ್ಲ. ಅದಿಲ್ಲದಿದ್ದರೆ ವದಂತಿಯೇ ಶಾಸ್ತ್ರವಾದೀತು. ಬರಿಯ ಅನುಮಾನಕ್ಕೆ ಎಲ್ಲವನ್ನೂ ನಿಷೇಧಿಸುತ್ತ ಹೋದರೆ ಜೀವ ಉಳಿಸುವ ಲಸಿಕೆಯೂ ಉಳಿಯದು.

ಆದರೂ ಒಂದು ಮಾತು ಮರೆಯಬಾರದು. ಸಮಿತಿ ಕಾದು ನೋಡುತ್ತಿರುವಾಗ ಸಿಂಪಡಣೆ ಕಾಯುವುದಿಲ್ಲ. ಕಾಯುವುದೂ ಒಂದು ತೀರ್ಮಾನವೇ. ಅದರ ಬೆಲೆ ತೆರುವವರು ಸಭೆಯಲ್ಲಿ ಕುಳಿತವರಲ್ಲ, ತೋಟದ ಬುಡದಲ್ಲಿ ತೋಡಿನ ನೀರು ಕುಡಿಯುವವರು.

ಹಾಗಾದರೆ ಪುರಾವೆ ಪೂರ್ಣವಾಗುವ ಮೊದಲೇ ನಿರ್ಧರಿಸಬೇಕಾದಾಗ ಅಳತೆಗೋಲು ಯಾವುದು? ಯಾವ ತಪ್ಪನ್ನು ಮುಂದೆ ತಿದ್ದಲು ಸಾಧ್ಯ ಎಂಬುದೇ. ನಿಲ್ಲಿಸಿದ ಸಿಂಪಡಣೆ ನಿರಪಾಯವೆಂದು ತಿಳಿದರೆ ಮರುವರ್ಷ ಆರಂಭಿಸಬಹುದು. ನಷ್ಟವಾದದ್ದು ಒಂದು ಫಸಲು. ಮಗುವಿನ ನಡಿಗೆ ಹೋದರೆ ಯಾವ ಪರಿಹಾರಧನವೂ ಅದನ್ನು ಮರಳಿ ತರದು. ಸಂಶಯದ ಲಾಭ ಆ ಮಗುವಿಗೇ ಸಲ್ಲಬೇಕು.