ಅವರು ಕೇಳಲಿಲ್ಲ, ನಾನು ಹೇಳಬೇಕಾ?

ಸೆಕೆಂಡ್ ಹ್ಯಾಂಡ್ ಡಿಎಸ್ಎಲ್ಆರ್ ಕೊಳ್ಳುವಾಗ ಒಂದು ಸಮಾಧಾನ ಇರುತ್ತೆ. ಎಷ್ಟು ಸಲ ಶಟರ್ ಬಿದ್ದಿದೆ ಅನ್ನುವ ಲೆಕ್ಕವನ್ನು ಹೆಚ್ಚಿನ ಕ್ಯಾಮೆರಾಗಳು ತಮ್ಮೊಳಗೇ ಬರೆದಿಟ್ಟುಕೊಂಡಿರುತ್ತವೆ, ಬೈಕಿನ ಓಡೋಮೀಟರ್ ಇದ್ದ ಹಾಗೆ. ಹಳೇ ಫ್ಲ್ಯಾಶ್‌ಗೆ ಅಂಥ ಲೆಕ್ಕದ ಪುಸ್ತಕ ಇಲ್ಲ. ಮನೆಯ ಹುಟ್ಟುಹಬ್ಬದಲ್ಲಿ ನಾಲ್ಕು ಸಲ ಮಿಂಚಿದ ಫ್ಲ್ಯಾಶೂ, ಮೂರು ವರ್ಷ ಮದುವೆ ಛತ್ರಗಳಲ್ಲಿ ಫುಲ್ ಪವರ್‌ನಲ್ಲಿ ದುಡಿದ ಫ್ಲ್ಯಾಶೂ ಒರೆಸಿಟ್ಟರೆ ಹೆಚ್ಚುಕಮ್ಮಿ ಒಂದೇ ಥರ ಕಾಣುತ್ತವೆ. ಅದರ ಚರಿತ್ರೆ ಗೊತ್ತಿರೋದು ಮಾರುವವರಿಗೆ ಮಾತ್ರ.

ನಾವು ನೋಡಬಹುದಾದದ್ದು ಸ್ವಲ್ಪವೇ. ಬ್ಯಾಟರಿ ಸೋರಿ ಒಳಗಿನ ಸ್ಪ್ರಿಂಗ್ ಮೇಲೆ ಹಸಿರು-ಬಿಳಿ ಪುಡಿ ಕೂತಿದೆಯಾ, ಮುಂದಿನ ಪ್ಲಾಸ್ಟಿಕ್ ಸುಟ್ಟು ಹಳದಿಯಾಗಿದೆಯಾ, ಕ್ಯಾಮೆರಾಗೆ ಕೂರುವ ಪಾದ ಅಲ್ಲಾಡುತ್ತಾ. ಹೊಸ ಎಎ ಸೆಲ್ ಹಾಕಿ, ಫುಲ್ ಪವರ್‌ನಲ್ಲಿ ಹೊಡೆದು, ರೆಡಿ ಲೈಟ್ ಮತ್ತೆ ಹತ್ತೋಕೆ ಎಷ್ಟು ಸೆಕೆಂಡ್ ಬೇಕು ಅಂತ ಎಣಿಸಬಹುದು. ಅಷ್ಟೇ. ಸತತವಾಗಿ ಹೊಡೆದರೆ ಅರ್ಧ ಗಂಟೆಯಲ್ಲಿ ಏನಾಗುತ್ತೆ ಅನ್ನೋದು ರಸ್ತೆ ಬದಿಯಲ್ಲಿ ನಿಂತು ಗೊತ್ತಾಗಲ್ಲ.

ಹಾಗಾದರೆ ಮಾರುವವರು ತಾವಾಗಿಯೇ ಹೇಳಬೇಕಾ? ನಾವು ಕೇಳದಿದ್ದರೂ?

ಇದಕ್ಕೆ ನಮ್ಮ ಕಾನೂನು ಕೊಟ್ಟಿರುವ ಉತ್ತರ ನನಗೆ ಬಹಳ ದಿನ ತಲೆ ತಿಂದಿದೆ. 1872ರ ಭಾರತೀಯ ಕರಾರು ಕಾಯ್ದೆಯ 17ನೇ ಸೆಕ್ಷನ್ ಮೋಸ ಅಂದರೇನು ಅಂತ ವಿವರಿಸುತ್ತೆ. ಬರೀ ಸುಮ್ಮನಿದ್ದದ್ದು ಸಾಮಾನ್ಯವಾಗಿ ಮೋಸ ಅಲ್ಲ ಅನ್ನುತ್ತೆ. ಅದಕ್ಕೊಂದು ಕುದುರೆಯ ಉದಾಹರಣೆ ಕೊಡುತ್ತೆ: ಒಬ್ಬ ತನ್ನ ಕುದುರೆಯನ್ನು ಹರಾಜು ಹಾಕ್ತಾನೆ, ಅದರ ಆರೋಗ್ಯ ಸರಿಯಿಲ್ಲ ಅಂತ ಅವನಿಗೆ ಗೊತ್ತು, ಆದರೆ ಬಾಯಿ ಬಿಡಲ್ಲ. ಇದು ಮೋಸ ಅಲ್ಲ. ಮುಂದಿನ ಉದಾಹರಣೆಯಲ್ಲಿ ಕುದುರೆ ಅದೇ, ಮಾರುವವನೂ ಅವನೇ, ಆದರೆ ಕೊಳ್ಳುವವಳು ಅವನ ಮಗಳು, ಈಗಷ್ಟೇ ಪ್ರಾಯಕ್ಕೆ ಬಂದವಳು. ಈಗ ಹೇಳೋದು ಅವನ ಕರ್ತವ್ಯ! ಕುದುರೆಯ ಕಾಯಿಲೆ ಬದಲಾಗಿಲ್ಲ, ಸಂಬಂಧ ಬದಲಾಗಿದೆ. ಇನ್ನೊಂದು ಉದಾಹರಣೆಯಲ್ಲಿ ಇಬ್ಬರೂ ವ್ಯಾಪಾರಿಗಳು. ಬೆಲೆ ಬದಲಾಗಿರುವ ಸುದ್ದಿ ಒಬ್ಬನಿಗೆ ಗೊತ್ತು, ಅವನು ಇನ್ನೊಬ್ಬನಿಗೆ ಹೇಳಬೇಕಾಗಿಲ್ಲ.

ಈ ವ್ಯವಸ್ಥೆಯ ಭಾರ ಬೀಳೋದು ಯಾರ ಮೇಲೆ ನೋಡಿ. ದುಡ್ಡಿದ್ದವರು ಕ್ಯಾಮೆರಾ ಕಂಪನಿಯದೇ ಟಾಪ್ ಮಾಡೆಲ್ ಫ್ಲ್ಯಾಶನ್ನು ಮೂವತ್ತು ಸಾವಿರಕ್ಕೂ ಮೇಲೆ ಕೊಟ್ಟು, ವಾರಂಟಿ ಕಾರ್ಡ್ ಸಮೇತ ತರ್ತಾರೆ. ಯಾರ ಮೌನವೂ ಅವರಿಗೆ ತಟ್ಟಲ್ಲ. ಮೂರು ಸಾವಿರ ಇಟ್ಟುಕೊಂಡು ಹುಡುಕುವವರೇ ಮಾರುವವರ ಬಾಯಿ ನೋಡಬೇಕು. ಜಾರ್ಜ್ ಅಕರ್‌ಲಾಫ್ 1970ರಲ್ಲಿ ಹಳೇ ಕಾರುಗಳ ಮಾರುಕಟ್ಟೆ ಬಗ್ಗೆ ಬರೆದ ಲೇಖನ ಇದನ್ನೇ ಇನ್ನೊಂದು ತುದಿಯಿಂದ ಹೇಳುತ್ತೆ: ಯಾವುದು ಚೆನ್ನಾಗಿದೆ ಅಂತ ಗೊತ್ತಾಗದಿದ್ದಾಗ ಕೊಳ್ಳುವವರು ಎಲ್ಲದಕ್ಕೂ ಕಮ್ಮಿ ಬೆಲೆ ಕಟ್ತಾರೆ, ಆಗ ಒಳ್ಳೇ ಮಾಲು ಇಟ್ಟುಕೊಂಡವರು ಮಾರುಕಟ್ಟೆಗೇ ಬರಲ್ಲ. 2001ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಅವೆನ್ಯೂ ರೋಡಿನಲ್ಲಿ ಹಳೇ ಪುಸ್ತಕ ಮಾರುವವರನ್ನು ಕೇಳಿದ್ದರೂ ಹೇಳಿರೋರು ಅನ್ನಿ.

ನನ್ನ ಬಜೆಟ್ಟೂ ಮೂರೇ ಸಾವಿರ. ವಾರಾಂತ್ಯದಲ್ಲಿ ನಾಮಕರಣ, ಗೃಹಪ್ರವೇಶಗಳಿಗೆ ಫೋಟೋ ತೆಗೆಯೋ ಚಟ. ಟ್ಯೂಬ್‌ಲೈಟ್ ಬೆಳಕಿನಲ್ಲಿ ಎಲ್ಲರ ಮುಖವೂ ಜ್ವರ ಬಂದ ಹಾಗೆ ಕಾಣುತ್ತೆ. ಹುಡುಕ್ತಾ ಹುಡುಕ್ತಾ ತುಮಕೂರಿನಲ್ಲಿ ಸ್ಟುಡಿಯೊ ನಡೆಸುತ್ತಿದ್ದ ಒಬ್ಬರ ಮನೆಗೆ ಹೋದೆ. ಅವರು ತೀರಿಕೊಂಡು ವರ್ಷವಾಗಿತ್ತು. ಅವರ ಹೆಂಡತಿ ಒಂದು ರಟ್ಟಿನ ಪೆಟ್ಟಿಗೆ ತಂದು ಮುಂದಿಟ್ಟರು. ಅದರಲ್ಲಿ ನಿಕಾನ್ ಎಸ್‌ಬಿ-28. 1997ರ ಮಾಡೆಲ್, ಫಿಲ್ಮ್ ಕಾಲದ್ದು. ಈಗಿನ ಡಿಜಿಟಲ್ ಕ್ಯಾಮೆರಾದಲ್ಲಿ ಅದರ ಟಿಟಿಎಲ್ ನಡೆಯಲ್ಲ, ಆದರೆ ಮ್ಯಾನುಯಲ್‌ನಲ್ಲೂ ಫ್ಲ್ಯಾಶಿನದೇ ಆಟೋ ಮೋಡ್‌ನಲ್ಲೂ ಸೊಗಸಾಗಿ ದುಡಿಯುತ್ತೆ. ಸೆಲ್ ಹಾಕಿದೆ, ಕೆಲವೇ ಸೆಕೆಂಡಿನಲ್ಲಿ ರೆಡಿ ಲೈಟ್ ಬಂತು.

"ಇವೆಲ್ಲ ನಂಗೆ ತಿಳಿಯಲ್ಲ ಮಗಾ. ಐನೂರು ಕೊಟ್ಟು ತಗೊಂಡೋಗು. ಸರಿ ತಾನೇ, ನೀನೇ ಹೇಳು?"

ಅವರು ಐನೂರು ಅಂದಿದ್ದರೆ ಮಾತ್ರ ವಿಷಯ ಬೇರೆ ಇರ್ತಿತ್ತೇನೋ. 'ನೀನೇ ಹೇಳು' ಅಂದುಬಿಟ್ಟರು. ನಾನು ಹೇಳಿದೆ: "ಆಂಟಿ, ಇದು ಈ ಸ್ಥಿತೀಲಿ ಎರಡೂವರೆ ಸಾವಿರಕ್ಕಾದ್ರೂ ಹೋಗುತ್ತೆ. ಅಷ್ಟು ನಾನೇ ಕೊಡ್ತೀನಿ."

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಪೆಟ್ಟಿಗೆ ಮುಚ್ಚಿದರು. "ಪುಣೇಲಿ ಮಗ ಇದಾನೆ, ಅವನನ್ನ ಕೇಳಿ ಹೇಳ್ತೀನಪ್ಪ." ಕಾಫಿ ಕೊಟ್ಟು ಕಳಿಸಿದರು. ಫೋನು ಬರಲೇ ಇಲ್ಲ. ಕೊಳ್ಳೋಕೆ ಬಂದವನೇ ಐದು ಪಟ್ಟು ಹೇಳ್ತಾನೆ ಅಂದರೆ ನಿಜವಾದ ಬೆಲೆ ಇನ್ನೆಷ್ಟಿರಬೇಕು ಅಂತ ಅವರಿಗೆ ಅನಿಸಿದ್ದು ಸಹಜ. ಅವರು ಕಂಡ ಸಂತೆ ಅಂಥದ್ದು.

ಎಂಬಿಎ ಓದಿದ ನನ್ನ ಗೆಳೆಯ ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕ ಮೇಲೆ ಅವನು ಕೇಳಿದ ಪ್ರಶ್ನೆ ಮಾತ್ರ ನಗುವಂಥದ್ದಲ್ಲ. "ಎರಡು ತಿಂಗಳು ರಾತ್ರಿ ಕೂತು ಮಾಡೆಲ್ ನಂಬರ್‌ಗಳನ್ನ ಓದಿ ತಿಳ್ಕೊಂಡೋನು ನೀನು. ಅದು ನಿನ್ನ ಬೆವರು. ಅದನ್ನ ಪುಕ್ಕಟೆ ಯಾಕೆ ಕೊಡಬೇಕು? ಹೀಗೆಲ್ಲ ಕೊಟ್ಟರೆ ನಾಳೆ ಯಾರು ತಾನೇ ಕಷ್ಟಪಟ್ಟು ಕಲೀತಾರೆ?"

ಅವನ ಮಾತಿನಲ್ಲಿ ಹುರುಳಿದೆ. ಸಂಡೇ ಬಜಾರಿನಲ್ಲಿ ಕ್ಯಾಮೆರಾಗಳನ್ನೇ ಮಾರುವ ಒಬ್ಬರು ಅದೇ ಫ್ಲ್ಯಾಶಿಗೆ ಐನೂರು ಅಂದಿದ್ದರೆ ನಾನು ತುಟಿ ಪಿಟಕ್ ಅನ್ನದೆ ಕೊಟ್ಟು, ಖುಷಿಯಾಗಿ ಮನೆಗೆ ಬರ್ತಿದ್ದೆ. ಅದರಲ್ಲಿ ನನಗೆ ತಪ್ಪೇನೂ ಕಾಣಲ್ಲ. ಬೆಲೆ ತಿಳಿದಿರೋದು ಅವರ ಕಸುಬು. ಕಲಿತು ಗಳಿಸಿದ ತಿಳಿವಳಿಕೆಗೆ ಒಂದಷ್ಟು ಲಾಭ ಸಿಗಲಿ. ಆದರೆ ಮಾರುವವರಿಗೆ ತಮ್ಮ ವಸ್ತುವಿನ ಐಬು ಗೊತ್ತಿರುತ್ತಲ್ಲ, ಅದು ಯಾರೂ ಬೆವರು ಸುರಿಸಿ ಕಲಿತದ್ದಲ್ಲ, ಇಟ್ಟುಕೊಂಡಿದ್ದಕ್ಕೆ ಗೊತ್ತಾದದ್ದು. ಅದನ್ನು ಬಚ್ಚಿಡೋಕೆ ಬೆವರಿನ ವಾದ ಬರಲ್ಲ. ಇನ್ನು ಅಪಾಯದ ವಿಷಯವಾದರೆ ಚರ್ಚೆಯೇ ಬೇಡ. ವಿವಿಟಾರ್ 283ರ ಹಳೇ ಪೀಸುಗಳಲ್ಲಿ ಕೆಲವು ಪಾದದಲ್ಲೇ 200 ವೋಲ್ಟ್ ದಾಟುತ್ತವೆ, ಈಗಿನ ಕ್ಯಾಮೆರಾಗೆ ಹಾಕಿದರೆ ಅದರ ಸರ್ಕ್ಯೂಟ್ ಕೆಡಬಹುದು. ಗೊತ್ತಿದ್ದೂ ಹೇಳದೆ ಮಾರೋದನ್ನು ನಾನು ಮೌನ ಅಂತ ಕರೆಯಲ್ಲ.

ಆದರೆ ತುಮಕೂರಿನ ಲೆಕ್ಕ ಇದ್ಯಾವುದೂ ಅಲ್ಲ. ಅಲ್ಲಿ ನನ್ನನ್ನು ಕಟ್ಟಿಹಾಕಿದ್ದು 'ಮಗಾ' ಅನ್ನೋ ಪದ. ನಾವು ಪೇಟೆಯಲ್ಲಿ ಯಾರನ್ನೂ ಬರೀ ವ್ಯಾಪಾರಿ ಅಂತ ಕರೆಯಲ್ಲ. ಅಣ್ಣ, ಅಕ್ಕ, ಅಮ್ಮ, ಆಂಟಿ. "ಅಣ್ಣಾ, ಬೋಣಿ ಟೈಮು, ಸ್ವಲ್ಪ ನೋಡಿ ಹೇಳಿ." "ಅಣ್ಣಾ, ಬಜೆಟ್ ಇಷ್ಟೇ ಇರೋದು." ಅಣ್ಣ ಅಂದಮೇಲೆ ಇನ್ನೂರು ಕಮ್ಮಿ ಆಗಬೇಕು, ಅದಕ್ಕೇ ತಾನೇ ಕರೆಯೋದು? ಕಾನೂನಿನಲ್ಲಿ ಮಗಳು ಬಂದ ಕೂಡಲೇ ಮೌನದ ಹಕ್ಕು ಹೋಯ್ತಲ್ಲ, ಅದೇ ಬಾಗಿಲನ್ನು ನಾವು ದಿನಕ್ಕೆ ಹತ್ತು ಸಲ ತಟ್ಟುತ್ತೇವೆ, ರಿಯಾಯಿತಿ ಈಸ್ಕೊಂಡು ಆಚೆಯಿಂದಲೇ ವಾಪಸ್ ಬರ್ತೇವೆ.

ಇದು ಬರೀ ಮರ್ಯಾದೆಯ ಮಾತು, ಅಣ್ಣ ಅಂದ ಮಾತ್ರಕ್ಕೆ ಯಾರಾದರೂ ಆಸ್ತೀಲಿ ಪಾಲು ಕೊಡ್ತಾರಾ ಅಂತ ಗೆಳೆಯ ಕೇಳಿದ. ಕೊಡಬೇಡಿ. ಹಾಗಾದರೆ ಇನ್ನೂರು ರೂಪಾಯಿಯ ಪಾಲನ್ನೂ ಕೇಳಬೇಡಿ.

ಫ್ಲ್ಯಾಶ್ ಕೊನೆಗೆ ಸಿಕ್ಕಿದ್ದು ಮದುವೆ ಫೋಟೋಗ್ರಾಫರ್ ಒಬ್ಬರ ಅಸಿಸ್ಟೆಂಟ್ ಆಗಿದ್ದ ಹುಡುಗನ ಹತ್ತಿರ. ಮೂರು ಸಾವಿರ ಅಂದ. "ಗುರು, ನಾನೇನು ಪ್ರೊಫೆಷನಲ್ ಅಲ್ಲ, ನೋಡಿ ಹೇಳು" ಅಂದೆ. ಇನ್ನೂರು ಇಳಿಸಿದ. ದುಡ್ಡು ಎಣಿಸಿ ಜೇಬಿಗೆ ಹಾಕೋ ಮುಂಚೆ ತಾನಾಗಿಯೇ ಹೇಳಿದ: "ಸರ್, ಇದು ಫುಲ್ ಪವರ್‌ನಲ್ಲಿ ಒಂದೇ ಸಮನೆ ಹದಿನೈದು ಹೊಡೆದ್ರೆ ಬಿಸಿಯಾಗಿ ನಿಂತುಬಿಡುತ್ತೆ. ಐದು ನಿಮಿಷ ಬಿಟ್ಟು ಮತ್ತೆ ಬರುತ್ತೆ. ಧಾರೆಗೆ ನಂಬ್ಕೋಬೇಡಿ, ನಾಮಕರಣಕ್ಕೆ ಪರವಾಗಿಲ್ಲ." ಬೇಡ ಅಂದು ಹೊರಟುಬಿಡೋ ಅವಕಾಶ ನನಗೆ ಇನ್ನೂ ಇದ್ದಾಗಲೇ ಹೇಳಿದ. ನಾನು ಮತ್ತೆ ಚೌಕಾಸಿ ಮಾಡಲಿಲ್ಲ. ಮಾಡಿದ್ದರೆ ಮುಂದಿನ ಗಿರಾಕಿಗೆ ಅವನು ಅದನ್ನು ಹೇಳೋದು ಅನುಮಾನ.

ಒಂದೂವರೆ ವರ್ಷ ಅದು ಹೇಳಿದ ಹಾಗೇ ನಡೀತು. ಈಗ ಸ್ವಲ್ಪ ದೊಡ್ಡದಕ್ಕೆ ದುಡ್ಡು ಕೂಡಿದೆ, ಇದನ್ನು ಮಾರೋಕೆ ಇಟ್ಟಿದೀನಿ. ಎರಡು ಸಾವಿರ. ಬ್ಯಾಟರಿ ಬಾಗಿಲು ಸ್ವಲ್ಪ ಸಡಿಲ, ರಬ್ಬರ್ ಬ್ಯಾಂಡ್ ಹಾಕಬೇಕು. ಹದಿನೈದು ಹೊಡೆದ ಮೇಲೆ ಐದು ನಿಮಿಷ ರೆಸ್ಟ್ ಕೇಳುತ್ತೆ. ನಿನ್ನೆ ಒಬ್ಬರು ಫೋನ್ ಮಾಡಿ, "ಅಣ್ಣಾ, ಇಷ್ಟೆಲ್ಲ ಪ್ರಾಬ್ಲಮ್ ಇದೆಯಲ್ಲ, ಸಾವಿರಕ್ಕೆ ಕೊಡಿ" ಅಂದರು. ಸಾವಿರದ ಎಂಟುನೂರಕ್ಕೆ ನಿಂತಿದೀನಿ.