ಮತ್ತೆ ಸಿಪಾಯಿಯಾಗಿ

2 ತಿಮೊಥೆಯ 4:11 ತೆಗೀರಿ. ಮೊಬೈಲ್‌ನಲ್ಲಿ ತೆಗೆಯೋರು ವಾಟ್ಸಾಪ್ ಕಡೆ ಹೋಗಬೇಡಿ, ಆಮೆನ್?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯಿಂದ ಬಂದು ಇಲ್ಲಿ ಪಿಜಿಯಲ್ಲಿರೋ ಮಕ್ಕಳು ಈ ಸಭೆಯಲ್ಲಿ ಬಹಳ ಇದ್ದೀರಿ. ಫೌಜಿ ಮನೆ ಅಂದ್ರೆ ಏನಂತ ನಿಮಗೆ ಹೇಳಬೇಕಾಗಿಲ್ಲ. ನಾನೂ ರಾಯಬಾಗ ಕಡೆಯವನೇ. ನಮ್ಮ ಕಾಕಾ ಬೆಳಗಾವಿಯ ಮರಾಠಾ ಲೈಟ್ ಇನ್‌ಫಂಟ್ರಿ ಸೆಂಟರ್‌ನಲ್ಲಿ ತಯಾರಾದವರು. ಹವಾಲ್ದಾರ್ ಆಗಿ ಪಿಂಚಣಿಗೆ ಬಂದರು, ಕಬ್ಬು ಹಚ್ಚಿದರು. ವರ್ಷ ಕಳೆಯಿತು ನೋಡಿ, ಡಿಎಸ್‌ಸಿಗೆ ಅರ್ಜಿ ಹಾಕಿದರು. ಡಿಫೆನ್ಸ್ ಸೆಕ್ಯುರಿಟಿ ಕೋರ್ ಅಂದ್ರೆ ಸೈನ್ಯ ಬಿಟ್ಟು ಬಂದವರಿಗೆ ಮತ್ತೆ ಸಮವಸ್ತ್ರ ತೊಡಿಸಿ, ರಕ್ಷಣಾ ಇಲಾಖೆಯ ಡಿಪೋ, ಕಾರ್ಖಾನೆಗಳ ಕಾವಲಿಗೆ ನಿಲ್ಲಿಸೋ ದಳ. ಅದರ ಸೆಂಟರ್ ಕೇರಳದ ಕಣ್ಣೂರಿನಲ್ಲಿದೆ. ಮತ್ತೆ ಮೆಡಿಕಲ್, ಮತ್ತೆ ಓಟ. ಪಾಸಾದರು. ಆದರೆ ಸೇರಿಸಿಕೊಂಡಿದ್ದು ಸಿಪಾಯಿ ಅಂತ. ತೋಳಿನ ಮೇಲಿದ್ದ ಮೂರು ಪಟ್ಟಿ ಹೋಯಿತು.

ಕಾಕು ಅತ್ತೇ ಬಿಟ್ಟಳು, ಮಂದಿ ಏನ್ ಅಂದಾರು ಅಂತ. ಟ್ರಂಕ್ ಹೊತ್ಕೊಂಡು ರಾಯಬಾಗ ಸ್ಟೇಷನ್‌ಗೆ ಹೋದವನು ನಾನು. "ಕಾಕಾ, ನಿಮಗಿಂತ ಸಣ್ಣವರ ಮಾತು ಕೇಳಬೇಕಲ್ರಿ?" ಅಂದೆ. "ಪಟ್ಟಿ ಹೋದ್ರ ಹೋಗ್ಲಿ ಬಿಡೋ. ಪಹರೆ ಮಾಡಾಕ ಬರ್ತೈತಲ್ಲ ನನಗ?" ಅಂದರು.

ಆ ಮಾತು ನನಗೆ ಅರ್ಥ ಆಗೋಕೆ ನಾನೇ ಬೀಳಬೇಕಾಯ್ತು. ಯುವಜನರ ಕೂಟ ನಡೆಸ್ತಿದ್ದವನು ಒಂದು ಮಾತಿಗೆ ಮುನಿಸಿಕೊಂಡು 2 ವರ್ಷ ಸೇವೆ ಬಿಟ್ಟೆ. ಭಾನುವಾರ ಬರ್ತಿದ್ದೆ, ಕೂರ್ತಿದ್ದೆ, ಹೋಗ್ತಿದ್ದೆ. ತಿರುಗಿ ಬಂದಾಗ ನನಗೆ ಸಿಕ್ಕಿದ್ದು ಜಮಖಾನ ಹಾಸೋ ಕೆಲಸ. ಮೈಕ್ ಹಿಡಿದವನು ನಾನು ಪ್ರಾರ್ಥನೆ ಕಲಿಸಿದ ಹುಡುಗ. ಸುಳ್ಳು ಯಾಕೆ ಹೇಳಲಿ, ಆ ದಿನ ಹೊಟ್ಟೆ ಉರಿದಿತ್ತು.

ಹಳೇ ಫೌಜಿಗಳನ್ನ ಕೇಳಿ. ಆಗ 7 ವರ್ಷ ಕಲರ್ ಸರ್ವಿಸ್, 8 ವರ್ಷ ರಿಸರ್ವ್ ಅಂತ ಇತ್ತು. ರಿಸರ್ವ್‌ನವನು ಊರಲ್ಲಿ ಹೊಲ ಉಳ್ತಿದ್ದ, ಮಕ್ಕಳನ್ನ ಸಾಕ್ತಿದ್ದ. ಹೆಸರು ಮಾತ್ರ ಸೈನ್ಯದ ಪುಸ್ತಕದಲ್ಲೇ. 1971ರ ಯುದ್ಧ ಬಂದಾಗ ಅಂಥವರಿಗೆ ಕರೆ ಹೋಯ್ತು. ಪ್ರಿಯರೇ, ಸೇವೆ ಬಿಟ್ಟು ಕೂತ ನಿಮ್ಮ ಹೆಸರನ್ನ ಕರ್ತನು ಹೊಡೆದು ಹಾಕಿದ್ದಾನಾ? ಇಲ್ಲ! ಹಲ್ಲೆಲೂಯ!

ಈಗ ಮಾರ್ಕನನ್ನ ನೋಡಿ. ಅಪೊಸ್ತಲರ ಕೃತ್ಯಗಳು 13ರಲ್ಲಿ ಪಂಫುಲ್ಯದಿಂದಲೇ ವಾಪಸ್ ಹೋದ. 15ನೇ ಅಧ್ಯಾಯದಲ್ಲಿ ಬಾರ್ನಬ ಅವನನ್ನ ಮತ್ತೆ ಕರ್ಕೊಂಡು ಹೋಗೋಣ ಅಂದ್ರೆ ಪೌಲ ಒಪ್ಪಲಿಲ್ಲ, ಇಬ್ಬರೂ ಬೇರೆ ಬೇರೆಯಾದರು. ಪೌಲ ಇಲ್ಲಿ ಸ್ವಲ್ಪ ಹಟ ಮಾಡಿದ ಅಂತಲೇ ನನಗನಿಸುತ್ತೆ. ನಾವು ಪಾಸ್ಟರ್‌ಗಳೂ ಹಾಗೇ, ಬಿಟ್ಟುಹೋದವರ ಲೆಕ್ಕ ಚೆನ್ನಾಗಿ ಇಟ್ಟಿರ್ತೀವಿ. ಅದೇ ಪೌಲ ಸೆರೆಯಲ್ಲಿ ಕೂತು, ಸಾವು ಹತ್ತಿರ ಇರುವಾಗ, ಮಾರ್ಕನನ್ನ ಕರ್ಕೊಂಡು ಬಾ, ಅವನು ಸೇವೆಗೆ ಉಪಯೋಗ ಆಗ್ತಾನೆ ಅಂತ ತಿಮೊಥೆಯನಿಗೆ ಬರೀತಾನೆ. ಯಾವ ಹುದ್ದೆ ಅಂತ ಬರೆದಿಲ್ಲ, ಗಮನಿಸಿ. ಪಹರೆ ಮಾಡಾಕ ಬರ್ತೈತಲ್ಲ!

ಕೀಬೋರ್ಡ್ ಬಿಟ್ಟವರು, ಸಂಡೇ ಸ್ಕೂಲ್ ಬಿಟ್ಟವರು, ಹಿಂದಿನ ಸಾಲಿನಲ್ಲಿ ಇದ್ದೀರಿ, ನನಗೆ ಗೊತ್ತು. ಮುಂದೆ ಬನ್ನಿ. ಕೀಬೋರ್ಡ್ ಇವತ್ತೇ ಕೈಗೆ ಸಿಗೋದಿಲ್ಲ. ಶನಿವಾರದ ಉಪವಾಸ ಪ್ರಾರ್ಥನೆಗೆ ಜಮಖಾನ ಹಾಸೋಕೆ ಇಬ್ಬರು ಬೇಕು. ಬೆಳಿಗ್ಗೆ 6ಕ್ಕೆ ಬನ್ನಿ, ನಾನೂ ಇರ್ತೀನಿ. ಈಗ ಎಲ್ಲರೂ ಎದ್ದು ನಿಲ್ಲಿ, ಪ್ರಾರ್ಥನೆ ಮಾಡೋಣ.